ಡಿಪೋ ಗೇಟು ಯಾಕೆ ಮುಚ್ಚಿತು? ಬಸ್ಸಿನ ಫೋಟೋ ಹಿಡಿಯುವವರ ಕಥೆ

2009ರ ಏಪ್ರಿಲ್‌ನಲ್ಲಿ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಆಸ್ಟ್ರಿಯಾ ದೇಶದ ವಿಯೆನ್ನಾದಿಂದ ಊರು ನೋಡಲು ಬಂದಿದ್ದ ಅಪ್ಪ ಮಗನ ಸುದ್ದಿ ಅದು. ಅಪ್ಪ ನಿವೃತ್ತ ಟಿವಿ ಕ್ಯಾಮೆರಾಮನ್. ಮಗ ಹೈಸ್ಕೂಲು ವಯಸ್ಸಿನ ಹುಡುಗ. ಲಂಡನ್ನಿಗೆ ಹೋದವರೆಲ್ಲ ಮಾಡುವಂತೆ ಅವರೂ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳ ಫೋಟೋ ತೆಗೆದರು. ವಾಕ್ಸ್‌ಹಾಲ್ ಎಂಬಲ್ಲಿನ ಬಸ್ ನಿಲ್ದಾಣದ ಕಟ್ಟಡ ಚೆನ್ನಾಗಿದೆ ಅನ್ನಿಸಿ ಅದನ್ನೂ ತೆಗೆದರು. ಆಮೇಲೆ ಪೊಲೀಸರು ಅವರನ್ನು ತಡೆದು, ಸಾರಿಗೆಗೆ ಸಂಬಂಧಿಸಿದ ಯಾವುದರ ಫೋಟೋವನ್ನೂ ತೆಗೆಯುವ ಹಾಗಿಲ್ಲ ಎಂದರು. ಕ್ಯಾಮೆರಾದಲ್ಲಿದ್ದ ಬಸ್ಸುಗಳ ಚಿತ್ರಗಳನ್ನೆಲ್ಲ ಅಳಿಸಿ ಹಾಕಿಸಿದರು. ಪಾಸ್‌ಪೋರ್ಟ್ ನಂಬರು, ಹೋಟೆಲ್ ವಿಳಾಸ ಬರೆದುಕೊಂಡು ಬಿಟ್ಟರು.

ಕಾರಣ ಕೇಳಿದರೆ ಭಯೋತ್ಪಾದನೆ ತಡೆಯುವುದಕ್ಕಂತೆ.

ಬಸ್ಸಿನ ಫೋಟೋ ತೆಗೆದರೆ ದೇಶಕ್ಕೇನು ಅಪಾಯ? ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ದಿನವೂ ಬಸ್ಸಿನ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರಲ್ಲ ಎಂದು ನೀವು ಕೇಳಬಹುದು. ಆದರೆ ಬಸ್ಸನ್ನೇ ಪ್ರೀತಿಸಿ, ಡಿಪೋಗಳಿಗೆ ಹೋಗಿ, ನಂಬರು ಬರೆದುಕೊಂಡು, ಫೋಟೋ ತೆಗೆದು ಜೋಪಾನ ಮಾಡುವವರ ಒಂದು ದೊಡ್ಡ ಪಂಗಡವೇ ಪ್ರಪಂಚದಲ್ಲಿದೆ. ಅವರಿಗೆ ಡಿಪೋ ಗೇಟು ಒಮ್ಮೆ ತೆರೆಯುತ್ತದೆ, ಇನ್ನೊಮ್ಮೆ ಮುಚ್ಚುತ್ತದೆ. ಯಾಕೆ ಮುಚ್ಚಿತು, ಮತ್ತೆ ಹೇಗೆ ತೆರೆಯಿತು ಎನ್ನುವುದಕ್ಕೆ ಇಂಗ್ಲೆಂಡಿನಲ್ಲಿ 80 ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಆ ಕಥೆ ಗೊತ್ತಿದ್ದರೆ ನಮ್ಮ ಕರ್ನಾಟಕದ ಡಿಪೋಗಳಲ್ಲಿ ಈಗ ಏನು ಕಳೆದುಹೋಗುತ್ತಿದೆ ಎನ್ನುವುದೂ ಅರ್ಥವಾಗುತ್ತದೆ.

ನಂಬರು ಬರೆದುಕೊಳ್ಳುವ ಹುಚ್ಚು

ಇಂಗ್ಲೆಂಡಿನಲ್ಲಿ ಬಸ್ ಪ್ರೇಮಿಗಳ ಸಂಘ ‘ಆಮ್ನಿಬಸ್ ಸೊಸೈಟಿ’ ಹುಟ್ಟಿದ್ದು 1929ರಲ್ಲಿ. ಬಸ್ಸುಗಳ ಚಾಸಿ ನಂಬರು, ಬಾಡಿ ಕಟ್ಟಿದವರು ಯಾರು, ಯಾವ ದಿನ ರಸ್ತೆಗಿಳಿಯಿತು, ಯಾವ ದಿನ ಗುಜರಿಗೆ ಹೋಯಿತು ಎನ್ನುವುದನ್ನೆಲ್ಲ ದಾಖಲೆ ಮಾಡುವ ‘ಪಿಎಸ್‌ವಿ ಸರ್ಕಲ್’ ಎಂಬ ಇನ್ನೊಂದು ಸಂಘ 1943ರಲ್ಲಿ ಶುರುವಾಯಿತು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು.

ಈ ಹವ್ಯಾಸವನ್ನು ಮಕ್ಕಳವರೆಗೂ ಮುಟ್ಟಿಸಿದವರು ಇಯಾನ್ ಅಲನ್. 1922ರಲ್ಲಿ ಹುಟ್ಟಿದ ಇವರು ಶಾಲೆಯಲ್ಲಿದ್ದಾಗ ತರಬೇತಿ ಶಿಬಿರವೊಂದರ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡರು. ಆಮೇಲೆ ಲಂಡನ್ನಿನ ವಾಟರ್‌ಲೂ ಕಚೇರಿಯಲ್ಲಿ ಸದರ್ನ್ ರೈಲ್ವೆ ಕಂಪನಿಯ ಗುಮಾಸ್ತರಾದರು. ರೈಲು ಎಂಜಿನ್ನುಗಳ ಬಗ್ಗೆ ಜನ ಬರೆಯುವ ಕಾಗದಗಳಿಗೆ ಉತ್ತರ ಬರೆಯುವುದು ಅವರ ಕೆಲಸದಲ್ಲಿ ಒಂದು. ಎಲ್ಲರೂ ಕೇಳುವುದು ಅದನ್ನೇ ಆದ್ದರಿಂದ ಎಂಜಿನ್ ನಂಬರುಗಳ ಪುಸ್ತಿಕೆಯನ್ನೇ ಮಾಡಿದರಾಯಿತು ಎಂದು ಮೇಲಿನವರಿಗೆ ಹೇಳಿದರು. ಅವರು ಒಪ್ಪಲಿಲ್ಲ. 1942ರಲ್ಲಿ ಅಲನ್ ತಾವೇ ಅಚ್ಚು ಹಾಕಿಸಿದರು. ಬೆಲೆ ಒಂದು ಶಿಲಿಂಗ್. ಪುಸ್ತಿಕೆ ಬಿಸಿ ದೋಸೆಯಂತೆ ಖರ್ಚಾಯಿತು. ಮುಂದೆ ಲಂಡನ್ನಿನ ಬಸ್ಸುಗಳಿಗೂ ಇಂಥ ಪುಸ್ತಿಕೆಗಳು ಬಂದವು. ನೋಡಿದ ಬಸ್ಸಿನ ನಂಬರಿನ ಕೆಳಗೆ ಗೆರೆ ಎಳೆಯುವುದೇ ಹುಡುಗರಿಗೆ ಆಟ.

ಡಿಪೋ ಯಾಕೆ ಬೇಕು ಎನ್ನುವುದನ್ನು ಇಲ್ಲೇ ಹೇಳಬೇಕು. ರಸ್ತೆಯಲ್ಲಿ ಬಸ್ಸು ಅರ್ಧ ನಿಮಿಷ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಮುಂದೊಂದು ಟ್ರ್ಯಾಕ್ಟರೋ ಆಟೋವೋ ಅಡ್ಡ ಬರುತ್ತದೆ. ಡಿಪೋದಲ್ಲಿ ಬಸ್ಸು ನಿಂತಿರುತ್ತದೆ. ಹೊಸ ಬಸ್ಸು ಮೊದಲು ಬರುವುದು ಅಲ್ಲಿಗೇ. ಆಯುಸ್ಸು ಮುಗಿದ ಬಸ್ಸು ಕೊನೆಗೆ ನಿಲ್ಲುವುದೂ ಅಲ್ಲೇ ಹಿಂದಿನ ಮೂಲೆಯಲ್ಲಿ. ಒಂದು ಬಸ್ಸಿನ ಹುಟ್ಟು ಸಾವು ಎರಡನ್ನೂ ನೋಡಬೇಕೆಂದರೆ ಡಿಪೋ ಒಳಗೇ ಹೋಗಬೇಕು. ಇಂಗ್ಲೆಂಡಿನಲ್ಲಿ ಡಿಪೋಗೆ ಗ್ಯಾರೇಜ್ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಮೊದಲ ಸಲ ಮುಚ್ಚಿದ್ದು

1939ರಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟನ್ ಸರ್ಕಾರ ಫೋಟೋಗ್ರಫಿ ನಿಯಂತ್ರಣ ಆದೇಶ ಹೊರಡಿಸಿತು. ಸೈನ್ಯಕ್ಕೆ ಸಂಬಂಧಿಸಿದ ಎಷ್ಟೋ ಸ್ಥಳಗಳ, ವಸ್ತುಗಳ ಚಿತ್ರ ತೆಗೆಯುವುದು ಅಪರಾಧವಾಯಿತು. ಕ್ಯಾಮೆರಾ ಹಿಡಿದು ನಿಂತವನ ಮೇಲೆ ಎಲ್ಲರಿಗೂ ಅನುಮಾನ. ಅದು ಯುದ್ಧಕಾಲ, ಹಾಗಾಗಿ ಜನ ಒಪ್ಪಿಕೊಂಡರು.

ಎರಡನೇ ಕಾರಣ ಹವ್ಯಾಸಿಗಳಿಂದಲೇ ಬಂತು. 1944ರಲ್ಲಿ ಟ್ಯಾಮ್‌ವರ್ತ್ ಎಂಬ ಊರಿನಲ್ಲಿ ಎಂಜಿನ್ ನಂಬರು ಬರೆದುಕೊಳ್ಳಲು ಸೇರುತ್ತಿದ್ದ ಹುಡುಗರಲ್ಲಿ ಕೆಲವರು ಹಳಿ ಮೇಲೆ ಓಡಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಹುಡುಗರ ಹವ್ಯಾಸಕ್ಕೇ ಕೆಟ್ಟ ಹೆಸರು ಬಂತು. ಪುಸ್ತಿಕೆ ಮಾಡಿದ ಅಲನ್ ಆಗ ಒಂದು ಕೆಲಸ ಮಾಡಿದರು. ಹುಡುಗರದೇ ಒಂದು ಕ್ಲಬ್ ಕಟ್ಟಿದರು. ಸದಸ್ಯನಾಗುವವನು ಮಾತು ಕೊಡಬೇಕು: ಕೆಲಸಗಾರರಿಗೆ ತೊಂದರೆ ಕೊಡುವುದಿಲ್ಲ, ಯಾವ ಸಾಮಾನನ್ನೂ ಮುಟ್ಟುವುದಿಲ್ಲ, ಮುಖ್ಯವಾಗಿ ಅನುಮತಿ ಇಲ್ಲದೆ ಒಳಗೆ ಕಾಲಿಡುವುದಿಲ್ಲ. ಮಾತು ತಪ್ಪಿದರೆ ಕ್ಲಬ್ಬಿನಿಂದ ಹೊರಗೆ. ಮುಂದಿನ ವರ್ಷಗಳಲ್ಲಿ ಆ ಕ್ಲಬ್ಬಿನ ಸದಸ್ಯರ ಸಂಖ್ಯೆ ಲಕ್ಷ ದಾಟಿತು.

ಇದು ರೈಲಿನ ಕಥೆ ಎನ್ನಬಹುದು. ಆದರೆ ಬಸ್ಸಿನವರಿಗೂ ದಾರಿ ಹಾಕಿಕೊಟ್ಟದ್ದು ಇದೇ. ಒಳಗೆ ಬಿಡುವುದು ಅವರ ಔದಾರ್ಯ, ಅದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ ಎನ್ನುವ ತಿಳಿವಳಿಕೆ ಆಗಲೇ ಬಂತು. ಹಾಗಂತ ಕಳ್ಳದಾರಿಯಲ್ಲಿ ನುಗ್ಗುವವರು ಇರಲೇ ಇಲ್ಲ ಎಂದಲ್ಲ. ಅನುಮತಿ ಇಲ್ಲದೆ ಶೆಡ್ಡಿಗೆ ನುಗ್ಗುವುದಕ್ಕೆ ಅವರಲ್ಲಿ ಒಂದು ಅಡ್ಡಹೆಸರೇ ಇತ್ತು. ಒಬ್ಬ ನುಗ್ಗಿದರೆ ಮರುದಿನ ಕಾಗದ ಬರೆದು ಅನುಮತಿ ಕೇಳಿದವನಿಗೂ ‘ಇಲ್ಲ’ ಎನ್ನುವ ಉತ್ತರ ಬರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಫೋಟೋ ಇಲ್ಲದಿದ್ದರೆ ಗೊತ್ತೇ ಆಗದ ಸಂಗತಿ

ಯುದ್ಧ ಮುಗಿದ ಮೇಲೆ ಲಂಡನ್ನಿನ ಹತ್ತಿರ ಆಲ್ಡನ್‌ಹ್ಯಾಮ್ ಎಂಬಲ್ಲಿ ಬಸ್ಸುಗಳನ್ನು ಪೂರ್ತಿ ಬಿಚ್ಚಿ ಹೊಸದು ಮಾಡುವ ಭಾರೀ ವರ್ಕ್‌ಶಾಪ್ ನಡೆಯಿತು. ಯುದ್ಧಕಾಲದಲ್ಲಿ ಅದೇ ಜಾಗದಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ಬಾಂಬರ್ ವಿಮಾನ ತಯಾರಾಗುತ್ತಿತ್ತು. 1950ರ ದಶಕದಿಂದ 1986ರಲ್ಲಿ ಮುಚ್ಚುವವರೆಗೆ ಲಂಡನ್ನಿನ ಕೆಂಪು ಬಸ್ಸುಗಳಿಗೆ ಅದೇ ತವರುಮನೆ.

ಅಲ್ಲಿನ ಪದ್ಧತಿ ವಿಚಿತ್ರವಾಗಿತ್ತು. ಬಸ್ಸು ಒಳಗೆ ಹೋದ ಕೂಡಲೇ ಬಾಡಿಯನ್ನು ಚಾಸಿಯಿಂದ ಎತ್ತಿ ಬೇರೆ ಮಾಡುತ್ತಿದ್ದರು. ಅಡಿಭಾಗ ಸ್ವಚ್ಛ ಮಾಡಲು ಇಡೀ ಬಾಡಿಯನ್ನು ಮಗುವಿನಂತೆ ಮಗ್ಗುಲಾಗಿ ಮಲಗಿಸುವ ಯಂತ್ರವೇ ಇತ್ತು. ರಿಪೇರಿಯಾದ ಮೇಲೆ ಅದೇ ಬಾಡಿ ಅದೇ ಚಾಸಿಗೆ ವಾಪಸ್ ಬರಬೇಕೆಂದೇನೂ ಇರಲಿಲ್ಲ. ತಯಾರಾಗಿದ್ದ ಬೇರೆ ಬಾಡಿ ಕೂರಿಸಿ, ಹಳೆಯ ನಂಬರನ್ನೇ ಅದಕ್ಕೆ ಹಾಕಿ ಹೊರಗೆ ಕಳಿಸುತ್ತಿದ್ದರು. ಅಂದರೆ ಒಂದೇ ನಂಬರಿನ ಬಸ್ಸು ಐದು ವರ್ಷದ ಹಿಂದೆ ಒಂದು, ಈಗ ಇನ್ನೊಂದು.

ಇದನ್ನು ಪತ್ತೆ ಮಾಡಿ ಬರೆದಿಟ್ಟವರು ಗೇಟಿನ ಬಳಿ ನಿಂತ ಹವ್ಯಾಸಿಗಳು. ರೂಟ್‌ಮಾಸ್ಟರ್ ಎಂಬ ಹೆಸರಿನ ಬಸ್ಸಿನ ಮೊದಮೊದಲ ಬಾಡಿಗಳಲ್ಲಿ ಮೇಲಂತಸ್ತಿನ ಮುಂದಿನ ಕಿಟಕಿ ತೆರೆಯುತ್ತಿರಲಿಲ್ಲ. ಆಮೇಲಿನವುಗಳಲ್ಲಿ ತೆರೆಯುತ್ತಿತ್ತು. ಅಷ್ಟು ಸಣ್ಣ ಗುರುತು ಹಿಡಿದು ಈ ನಂಬರಿಗೆ ಬಾಡಿ ಬದಲಾಗಿದೆ ಎಂದು ಫೋಟೋ ಸಮೇತ ತೋರಿಸಿದರು.

ಆ ರೂಟ್‌ಮಾಸ್ಟರ್ 1954ರಿಂದ 1968ರವರೆಗೆ ಒಟ್ಟು 2,876 ತಯಾರಾದವು. ಮಾಮೂಲಿ ಮಾರ್ಗಗಳಿಂದ ಅವು ನಿವೃತ್ತಿಯಾದದ್ದು 2005ರ ಡಿಸೆಂಬರ್ 9ರಂದು, 159ನೇ ನಂಬರಿನ ಮಾರ್ಗದಲ್ಲಿ. ನೂರಾರು ರೂಟ್‌ಮಾಸ್ಟರುಗಳು ಇವತ್ತಿಗೂ ಉಳಿದಿವೆ. ಹಲವನ್ನು ಖಾಸಗಿ ಜನರೇ ದುಡ್ಡು ಕೊಟ್ಟು ಕೊಂಡು, ಹಳೆಯ ಫೋಟೋ ನೋಡಿ ಅದೇ ಬಣ್ಣ, ಅದೇ ಬೋರ್ಡು ಹಾಕಿಸಿ ಇಟ್ಟುಕೊಂಡಿದ್ದಾರೆ. ಹುಚ್ಚು ಹವ್ಯಾಸದವರು ತೆಗೆದ ಚಿತ್ರವೇ ಆಮೇಲೆ ರಿಪೇರಿಯವರಿಗೆ ನಕ್ಷೆಯಾಯಿತು.

ಎರಡನೇ ಸಲ: ಮಾಲೀಕರು ಹೆಚ್ಚಾದರು

1974ರಲ್ಲಿ ಬ್ರಿಟನ್ನಿನಲ್ಲಿ ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆ ಕಾಯ್ದೆ ಬಂತು. ಕೆಲಸಗಾರರಷ್ಟೇ ಅಲ್ಲ, ಒಳಗೆ ಬಂದ ಹೊರಗಿನವರಿಗೆ ಅಪಾಯವಾಗದಂತೆ ನೋಡಿಕೊಳ್ಳುವುದೂ ನಡೆಸುವವರ ಹೊಣೆಯಾಯಿತು. ಡಿಪೋ ಎಂದರೆ ಸುಮ್ಮನೆ ಜಾಗವಲ್ಲ ಎಂಬುದು ಒಮ್ಮೆ ಒಳಗೆ ಹೋದವರಿಗೆ ಗೊತ್ತು. ರಿವರ್ಸ್ ಬರುವ ಬಸ್ಸಿನ ಚಾಲಕನಿಗೆ ಹಿಂದೆ ನಿಂತವನು ಕಾಣುವುದಿಲ್ಲ. ನೆಲದಲ್ಲಿ ಆಳದ ಪಿಟ್ ಇರುತ್ತದೆ. ಆಯಿಲ್ ಚೆಲ್ಲಿ ಜಾರುತ್ತದೆ. ಡೀಸೆಲ್ ಬಂಕ್ ಇರುತ್ತದೆ. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುವವನಿಗೆ ಇದ್ಯಾವುದೂ ಕಾಣಿಸುವುದಿಲ್ಲ.

ಅದರ ಮೇಲೆ 1986ರ ಅಕ್ಟೋಬರಿನಲ್ಲಿ ಲಂಡನ್ನಿನ ಹೊರಗೆ ಬಸ್ ಓಡಿಸಲು ಖಾಸಗಿಯವರಿಗೆ ಮುಕ್ತ ಅವಕಾಶ ಸಿಕ್ಕಿತು. 1994ರಲ್ಲಿ ಲಂಡನ್ನಿನ ಸರ್ಕಾರಿ ಬಸ್ ಕಂಪನಿಗಳನ್ನೂ ಮಾರತೊಡಗಿದರು. ಮೊದಲು ಒಂದೇ ಕಚೇರಿಗೆ ಕಾಗದ ಬರೆದರೆ ಸಾಕಾಗಿತ್ತು. ಈಗ ಗ್ಯಾರೇಜಿಗೊಬ್ಬ ಮಾಲೀಕ. ಒಬ್ಬ ಬಾ ಎಂದರೆ ಇನ್ನೊಬ್ಬ ವಿಮೆ ಕಂಪನಿ ಒಪ್ಪುವುದಿಲ್ಲ ಎನ್ನುತ್ತಿದ್ದ. ಈ ಸಲ ಯಾರೂ ತಪ್ಪು ಮಾಡಿರಲಿಲ್ಲ. ಗುರುತು ಪರಿಚಯ ತಪ್ಪಿಹೋಗಿತ್ತು, ಅಷ್ಟೇ. ಡಿಪೋದ ಹಿರಿಯ ಮೆಕ್ಯಾನಿಕ್ಕಿಗೆ ಮುಖಪರಿಚಯ ಇದ್ದ ಹವ್ಯಾಸಿ ಹೊಸ ಮ್ಯಾನೇಜರಿಗೆ ಬರೀ ಅಪರಿಚಿತ.

ಮೂರನೇ ಸಲ: ಭಯ

2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ದಾಳಿಯಾಯಿತು. ಎರಡೇ ತಿಂಗಳಲ್ಲಿ ಗ್ರೀಸ್ ದೇಶದ ಕಲಮಾಟ ಎಂಬಲ್ಲಿ 12 ಜನ ಬ್ರಿಟಿಷರು, ಇಬ್ಬರು ಡಚ್ಚರು ಬಂಧನಕ್ಕೊಳಗಾದರು. ಅವರು ವಿಮಾನಗಳ ನಂಬರು ಬರೆದುಕೊಳ್ಳುವ ಹವ್ಯಾಸಿಗಳು. ನಂಬರು ಬರೆದ ನೋಟ್‌ಬುಕ್ಕೇ ಗೂಢಚಾರಿಕೆಯ ಸಾಕ್ಷಿಯಾಯಿತು. ವಾರಗಟ್ಟಲೆ ಜೈಲಿನಲ್ಲಿದ್ದರು. 2002ರ ಏಪ್ರಿಲ್‌ನಲ್ಲಿ ಎಂಟು ಜನಕ್ಕೆ ಮೂರು ವರ್ಷ, ಆರು ಜನಕ್ಕೆ ಒಂದು ವರ್ಷ ಶಿಕ್ಷೆಯೂ ಆಯಿತು. ಅದೇ ವರ್ಷ ನವೆಂಬರಿನಲ್ಲಿ ಮೇಲ್ಮನವಿಯಲ್ಲಿ ಎಲ್ಲರೂ ಬಿಡುಗಡೆಯಾದರು. ಸುಮ್ಮನೆ ಖುಷಿಗಾಗಿ ಯಾರಾದರೂ ನಂಬರು ಬರೆದುಕೊಳ್ಳುತ್ತಾರೆಯೇ ಎಂಬುದು ಅಲ್ಲಿನವರಿಗೆ ಅರ್ಥವಾಗದ ಒಗಟಾಗಿತ್ತು.

2004ರಲ್ಲಿ ನ್ಯೂಯಾರ್ಕಿನ ಸಾರಿಗೆ ಸಂಸ್ಥೆ ಸುರಂಗ ರೈಲಿನಲ್ಲಿ ಫೋಟೋ ನಿಷೇಧಿಸುವ ಪ್ರಸ್ತಾವ ತಂದಿತು. ಜನ ಕ್ಯಾಮೆರಾ ಹಿಡಿದು ರೈಲು ಹತ್ತಿ ಪ್ರತಿಭಟನೆ ಮಾಡಿದರು. 2005ರಲ್ಲಿ ಪ್ರಸ್ತಾವ ಬಿದ್ದುಹೋಯಿತು.

2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ಅದರಲ್ಲಿ 13 ಜನ ಸತ್ತದ್ದು 30ನೇ ನಂಬರಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ. ಬಸ್ಸೇ ಗುರಿಯಾದ ಮೇಲೆ ಬಸ್ಸಿನ ಫೋಟೋ ತೆಗೆಯುವವನನ್ನು ಪೊಲೀಸರು ಕೆಕ್ಕರಿಸಿ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಕೈಯಲ್ಲಿ 2000ನೇ ಇಸವಿಯ ಭಯೋತ್ಪಾದನಾ ಕಾಯ್ದೆಯ 44ನೇ ಕಲಮು ಇತ್ತು. ಅನುಮಾನಕ್ಕೆ ಕಾರಣ ಇಲ್ಲದಿದ್ದರೂ ಯಾರನ್ನು ಬೇಕಾದರೂ ತಡೆದು ಜಾಲಾಡಬಹುದಿತ್ತು. ವಿಯೆನ್ನಾದ ಅಪ್ಪ ಮಗ ಫೋಟೋ ಅಳಿಸಬೇಕಾಗಿ ಬಂದದ್ದು ಈ ಕಾಲದಲ್ಲಿ.

ಆ ಕಲಮಿನ ವಿರುದ್ಧ ಒಬ್ಬ ವಿದ್ಯಾರ್ಥಿ ಮತ್ತು ಒಬ್ಬ ಪತ್ರಕರ್ತೆ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2003ರಲ್ಲಿ ಶಸ್ತ್ರಾಸ್ತ್ರ ಮೇಳದ ಹತ್ತಿರ ಪೊಲೀಸರು ಅವರನ್ನು ತಡೆದು ಶೋಧಿಸಿದ್ದರು. 2010ರ ಜನವರಿಯಲ್ಲಿ ಅವರ ಪರ ತೀರ್ಪು ಬಂತು. ಅದೇ ತಿಂಗಳು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಫೋಟೋಗ್ರಾಫರುಗಳು ಕ್ಯಾಮೆರಾ ಹಿಡಿದು ಸೇರಿ ನಾವು ಭಯೋತ್ಪಾದಕರಲ್ಲ ಎಂದರು. ಜುಲೈನಲ್ಲಿ ಸರ್ಕಾರ ಆ ಕಲಮಿನ ಬಳಕೆಗೆ ತಡೆ ಹಾಕಿತು.

ಮತ್ತೆ ತೆರೆದದ್ದು ಹೇಗೆ

ಕೋರ್ಟಿನಿಂದ ರಸ್ತೆ ಸಿಕ್ಕಿತು. ಡಿಪೋ ಸಿಗಲಿಲ್ಲ. ಇದನ್ನು ಗಮನಿಸಬೇಕು. ಸಾರ್ವಜನಿಕ ರಸ್ತೆಯಲ್ಲಿ ನಿಂತು ಬಸ್ಸಿನ ಫೋಟೋ ತೆಗೆಯುವುದು ಅಲ್ಲಿ ಹಕ್ಕು. ಗೇಟಿನ ಒಳಗೆ ಹೋಗುವುದು ಹಕ್ಕಲ್ಲ, ಅದು ಅನುಮತಿ. ಯಾವ ನ್ಯಾಯಾಧೀಶರೂ ಡಿಪೋ ಮ್ಯಾನೇಜರಿಗೆ ಗೇಟು ತೆಗೆ ಎನ್ನುವುದಿಲ್ಲ.

ಅದು ತೆರೆದದ್ದು ಒಪ್ಪಂದದಿಂದ. ವರ್ಷಕ್ಕೊಂದೆರಡು ದಿನ ‘ಓಪನ್ ಡೇ’ ಎಂದು ಗೊತ್ತು ಮಾಡಿ, ಅವತ್ತು ಗ್ಯಾರೇಜಿನೊಳಗೆ ಕುಟುಂಬ ಸಮೇತ ಎಲ್ಲರಿಗೂ ಪ್ರವೇಶ ಕೊಡುವ ಪದ್ಧತಿ ಬೆಳೆಯಿತು. ಹಗ್ಗ ಕಟ್ಟಿದ ದಾರಿ, ದೂರದಿಂದಲೇ ಕಾಣುವ ಹೊಳೆಯುವ ಜಾಕೆಟ್ಟು, ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ ಫೋಟೋಗೆ ಜಾಗ. ಹವ್ಯಾಸಿ ಸಂಘದವರೇ ಸ್ವಯಂಸೇವಕರಾಗಿ ಜನರನ್ನು ನೋಡಿಕೊಳ್ಳುತ್ತಾರೆ. ಲಂಡನ್ ಸಾರಿಗೆ ಮ್ಯೂಸಿಯಂ 1999ರಲ್ಲಿ ಆಕ್ಟನ್ ಎಂಬಲ್ಲಿ ತೆರೆದ ಉಗ್ರಾಣದಲ್ಲೂ ಹೀಗೇ ಗೊತ್ತು ಮಾಡಿದ ದಿನಗಳಲ್ಲಿ ಜನರನ್ನು ಬಿಡುತ್ತಾರೆ. ಟಿಕೆಟ್ ಇಟ್ಟಿದ್ದಾರೆ, ಅದರಿಂದ ಆದಾಯವೂ ಇದೆ. 364 ದಿನ ಮುಚ್ಚಿದ ಗೇಟಿನ ಮೇಲೆ ಯಾರಿಗೂ ಕೋಪವಿಲ್ಲ, ಯಾಕೆಂದರೆ ತೆರೆಯುವ ದಿನ ಯಾವುದೆಂದು ಗೊತ್ತಿದೆ.

ನಮ್ಮ ಬಸ್ಸುಗಳ ವಂಶಾವಳಿ

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದ ಸರ್ಕಾರಿ ಬಸ್ಸಿಗೆ ಮೂರು ಮನೆತನಗಳಿವೆ. ಬೀದರ, ಕಲಬುರಗಿ, ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ 1932ರಲ್ಲೇ ನಿಜಾಮರ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರು ಮಾಡಿತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಕಡೆಗೆ ಮುಂಬೈ ರಾಜ್ಯದ ಸಾರಿಗೆ ಇತ್ತು. ಹಳೇ ಮೈಸೂರಿನಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಹುಟ್ಟಿತು. 1956ರ ಏಕೀಕರಣದ ನಂತರ ಇವೆಲ್ಲ ಒಂದಾಗುತ್ತ ಬಂದವು. 1961ರ ಆಗಸ್ಟ್ 1ರಂದು ನಿಗಮವಾಯಿತು. 1973ರಲ್ಲಿ ರಾಜ್ಯದ ಹೆಸರಿನ ಜೊತೆ ನಿಗಮದ ಹೆಸರೂ ಬದಲಾಗಿ ಕೆಎಸ್‌ಆರ್‌ಟಿಸಿ ಆಯಿತು. 1997ರಲ್ಲಿ ಬೆಂಗಳೂರಿನ ಬಿಎಂಟಿಸಿ, ಹುಬ್ಬಳ್ಳಿಯ ವಾಯವ್ಯ ಸಾರಿಗೆ ಬೇರೆಯಾದವು. 2000ದಲ್ಲಿ ಕಲಬುರಗಿಯ ಈಶಾನ್ಯ ಸಾರಿಗೆ ಬೇರೆಯಾಯಿತು, 2021ರಲ್ಲಿ ಅದು ಕಲ್ಯಾಣ ಕರ್ನಾಟಕ ಸಾರಿಗೆಯಾಯಿತು.

ಪ್ರತಿ ಸಲ ಹೆಸರು ಬದಲಾದಾಗ ಬಸ್ಸಿನ ಮೇಲಿನ ಅಕ್ಷರ ಬದಲಾಯಿತು, ಮುದ್ರೆ ಬದಲಾಯಿತು, ಬಣ್ಣವೂ ಎಷ್ಟೋ ಸಲ ಬದಲಾಯಿತು. ನಿಮ್ಮೂರಿಗೆ ಬಂದ ಮೊದಲ ಬಸ್ಸು ಯಾವ ಬಣ್ಣದ್ದು? ಬಾನೆಟ್ ಮುಂದೆ ಚಾಚಿದ್ದೋ, ಮೂತಿ ಚಪ್ಪಟೆಯದ್ದೋ? ಅಜ್ಜನನ್ನು ಕೇಳಿದರೆ ಒಂದು ಹೇಳುತ್ತಾರೆ, ಪಕ್ಕದ ಮನೆಯ ಹಿರಿಯರು ಇನ್ನೊಂದು ಹೇಳುತ್ತಾರೆ. ಫೋಟೋ ತೋರಿಸಿ ಎಂದರೆ ಯಾರ ಹತ್ತಿರ ಇದೆ? ಊರಿಗೆ ಬಸ್ಸು ಬಂದದ್ದರಿಂದಲೇ ಹುಡುಗಿಯರು ಹೈಸ್ಕೂಲಿಗೆ ಹೋದರು, ಹೂವು ತರಕಾರಿ ಪೇಟೆಗೆ ಹೋಯಿತು, ಬಾಣಂತಿಯರು ಆಸ್ಪತ್ರೆಗೆ ಹೋದರು. ಅಷ್ಟು ದೊಡ್ಡ ಬದಲಾವಣೆ ತಂದ ಗಾಡಿಯ ಮುಖ ಎಷ್ಟೋ ಊರುಗಳಲ್ಲಿ ಹಿರಿಯರ ನೆನಪಿನಲ್ಲಿ ಮಾತ್ರ ಇದೆ.

ಈಗ ಅವಸರ ಯಾಕೆಂದರೆ, 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ ಗುಜರಿಗೆ ಹೋಗಬೇಕು ಎಂಬ ಕೇಂದ್ರದ ನಿಯಮ ಜಾರಿಗೆ ಬಂದಿದೆ. ಸಾರಿಗೆ ನಿಗಮಗಳ ಬಸ್ಸುಗಳೂ ಇದರಲ್ಲಿ ಸೇರಿವೆ. ಹೊಗೆ, ಸುರಕ್ಷತೆಯ ದೃಷ್ಟಿಯಿಂದ ನಿಯಮ ಸರಿಯೇ. ಆದರೆ ನಮ್ಮ ತಾಲ್ಲೂಕುಗಳ ಮಣ್ಣು ರಸ್ತೆ ತುಳಿದ ಒಂದಿಡೀ ತಲೆಮಾರಿನ ಬಸ್ಸುಗಳು ಸದ್ದಿಲ್ಲದೆ ಡಿಪೋದ ಹಿಂಬಾಗಿಲಿನಿಂದ ಹೊರಟುಹೋಗುತ್ತಿವೆ. ಇನ್ನೊಂದು ಕಡೆ ಕೆಎಸ್‌ಆರ್‌ಟಿಸಿ ತನ್ನದೇ ವರ್ಕ್‌ಶಾಪುಗಳಲ್ಲಿ ಹಳೆಯ ಬಸ್ಸುಗಳಿಗೆ ಹೊಸ ಬಾಡಿ ಕೆಲಸ ಮಾಡಿ ಪುನಶ್ಚೇತನ ಮಾಡುತ್ತಿದೆ. ಅದು ಮೆಚ್ಚಬೇಕಾದ ಕೆಲಸ. ಆದರೆ ಆಲ್ಡನ್‌ಹ್ಯಾಮಿನಂತೆ ಇಲ್ಲೂ ನಂಬರು ಹಳೆಯದು, ಮುಖ ಹೊಸದು. ಮೊದಲು ಹೇಗಿತ್ತು ಎಂಬುದಕ್ಕೆ ಫೋಟೋ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಮುಂಬೈನ ಉದಾಹರಣೆ ನೋಡಿ. ಅಲ್ಲಿ 1937ರಲ್ಲಿ ಬಂದ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೊನೆಯ ಹಳೇ ಡೀಸೆಲ್ ಬಸ್ಸು 2023ರ ಸೆಪ್ಟೆಂಬರ್ 15ರಂದು ನಿವೃತ್ತಿಯಾಯಿತು. ಬಸ್ ಪ್ರೇಮಿಗಳು ಸೇರಿ ಬೀಳ್ಕೊಟ್ಟರು, ಒಂದೆರಡನ್ನಾದರೂ ಮ್ಯೂಸಿಯಮ್ಮಿಗೆ ಉಳಿಸಿ ಎಂದು ಸರ್ಕಾರವನ್ನು ಕೇಳಿದರು. ಅಲ್ಲಿನ ಬೆಸ್ಟ್ ಸಂಸ್ಥೆ ತನ್ನ ಆನಿಕ್ ಡಿಪೋದಲ್ಲಿ ಮ್ಯೂಸಿಯಂ ಇಟ್ಟಿದೆ. ಬೆಂಗಳೂರಿನಲ್ಲೂ ಬಿಟಿಎಸ್ ಕಾಲದಲ್ಲಿ ಡಬಲ್ ಡೆಕ್ಕರ್ ಓಡಾಡಿದ್ದನ್ನು ಹತ್ತಿ ಕೂತವರು ಇನ್ನೂ ಹೇಳುತ್ತಾರೆ.

ಗೇಟಿನ ಎರಡೂ ಕಡೆ

ನಮ್ಮಲ್ಲೂ ಬಸ್ಸಿನ ಹುಚ್ಚಿನ ಹುಡುಗರಿದ್ದಾರೆ. ನಂಬರ್ ಪ್ಲೇಟಿನಲ್ಲಿ ‘ಎಫ್’ ಕಂಡರೆ ಸರ್ಕಾರಿ ಬಸ್ಸು, ಕೆಎ 25 ಎಫ್ ಎಂದರೆ ಹುಬ್ಬಳ್ಳಿ ಕಡೆಯದು, ಕೆಎ 32 ಎಫ್ ಎಂದರೆ ಕಲಬುರಗಿಯದು ಎಂದು ದೂರದಿಂದಲೇ ಹೇಳುತ್ತಾರೆ. ಹಾರ್ನ್ ಕೇಳಿ ಲೇಲ್ಯಾಂಡೋ ಟಾಟಾನೋ ಎನ್ನುತ್ತಾರೆ. ಇಂಥವರು ಡಿಪೋ ಗೇಟಿಗೆ ಹೋದರೆ ಸೆಕ್ಯುರಿಟಿಯವರು ಕೇಳುವ ಮೊದಲ ಪ್ರಶ್ನೆ: ‘ಯಾತಕ್ಕಪ್ಪಾ ಫೋಟೋ?’

ಆ ಪ್ರಶ್ನೆಗೂ ಅರ್ಥವಿದೆ. ಈಗ ಫೋಟೋ ಎಂದರೆ ಆಲ್ಬಮ್ಮಿಗೆ ಹೋಗುವುದಲ್ಲ, ಐದು ನಿಮಿಷದಲ್ಲಿ ಊರೆಲ್ಲ ಓಡಾಡುವುದು. 2024ರ ಮೇ ತಿಂಗಳಲ್ಲಿ ಧಾರವಾಡದ ಕಡೆ ಚಾಲಕರೊಬ್ಬರು ಕೊಡೆ ಹಿಡಿದು ಬಸ್ಸು ಓಡಿಸಿದ ವಿಡಿಯೊ ಎಲ್ಲ ಮೊಬೈಲಿಗೂ ಬಂತು. ಚಾವಣಿ ಸೋರುತ್ತಿರಲಿಲ್ಲ, ತಮಾಷೆಗೆ ಮಾಡಿದ್ದು ಎಂದು ಸಂಸ್ಥೆ ಹೇಳಿತು. ಚಾಲಕ, ನಿರ್ವಾಹಕ ಇಬ್ಬರೂ ಅಮಾನತಾದರು. ಇಂಥದ್ದನ್ನು ಕಂಡ ಡಿಪೋ ಮ್ಯಾನೇಜರು ಗ್ಲಾಸು ಒಡೆದ ಬಸ್ಸು ನಿಂತಿರುವ ಅಂಗಳಕ್ಕೆ ಕ್ಯಾಮೆರಾ ಬಿಡಲು ಹಿಂಜರಿದರೆ ಅವರನ್ನು ದೂರಿ ಫಲವಿಲ್ಲ. ನನ್ನಂಥ ಸುದ್ದಿಗಾರರು ಕೆಟ್ಟು ನಿಂತ ಬಸ್ಸಿನ ಸುದ್ದಿ ಮಾಡಲೇಬೇಕು, ಅದು ಬೇರೆ ಕೆಲಸ. ಹವ್ಯಾಸಿಯ ಕೆಲಸ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಇಬ್ಬರಿಗೂ ಗೇಟು ಮುಚ್ಚುತ್ತದೆ.

ಕಾನೂನು ಏನು ಹೇಳುತ್ತದೆ? ನಮ್ಮಲ್ಲಿ ಬ್ರಿಟಿಷರ ಕಾಲದ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಇದೆ. ‘ನಿಷೇಧಿತ ಸ್ಥಳ’ದ ಚಿತ್ರ ತೆಗೆಯುವುದರ ಬಗ್ಗೆ ಅದು ಮಾತಾಡುತ್ತದೆ. ಆ ಪಟ್ಟಿಯಲ್ಲಿರುವುದು ಮುಖ್ಯವಾಗಿ ಸೈನ್ಯದ ಜಾಗಗಳು. ರಸ್ತೆ, ರೈಲು ಮುಂತಾದವು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ಸೇರುತ್ತವೆ. 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಪೊಲೀಸ್ ಠಾಣೆ ಕೂಡ ಈ ಕಾಯ್ದೆಯ ನಿಷೇಧಿತ ಸ್ಥಳವಲ್ಲ ಎಂದು ಹೇಳಿ, ವಿಡಿಯೊ ತೆಗೆದವರ ಮೇಲಿನ ಪ್ರಕರಣ ರದ್ದು ಮಾಡಿತು. ಹಾಗಾಗಿ ರಸ್ತೆಯಲ್ಲಿ ನಿಂತು ಬಸ್ಸಿನ ಫೋಟೋ ತೆಗೆದವನನ್ನು ಗೂಢಚಾರ ಎನ್ನಲಾಗದು. ಆದರೆ ಡಿಪೋ ನಿಗಮದ ಆಸ್ತಿ. ಬೇಡ ಎಂದ ಮೇಲೂ ಒಳನುಗ್ಗಿದರೆ ಅದು ಅತಿಕ್ರಮ ಪ್ರವೇಶ.

ಏನು ಮಾಡಬಹುದು

ಹವ್ಯಾಸ ಇರುವ ಹುಡುಗರಿಗೆ ಕೆಲವು ಮಾತು. ಒಬ್ಬೊಬ್ಬರೇ ಗೇಟಿಗೆ ಹೋಗಿ ಜಗಳ ಆಡಬೇಡಿ. ನಾಲ್ಕೈದು ಜನ ಸೇರಿ, ಹೆಸರು, ಊರು, ಕಾಲೇಜು, ಉದ್ದೇಶ ಬರೆದು ಘಟಕ ವ್ಯವಸ್ಥಾಪಕರಿಗೆ, ಅವರ ಮೇಲಿನ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಕೊಡಿ. ಬೆಳಗಿನ ಬಸ್ಸುಗಳೆಲ್ಲ ಹೊರಟ ಮೇಲೆ ಡಿಪೋ ಖಾಲಿ ಇರುವ ಹೊತ್ತು ಕೇಳಿ. ಪಿಟ್, ಡೀಸೆಲ್ ಬಂಕ್, ದುಡ್ಡು ಕಟ್ಟುವ ಕೌಂಟರ್ ಕಡೆ ಕ್ಯಾಮೆರಾ ತಿರುಗಿಸಬೇಡಿ. ಓಡಿಸುತ್ತಿರುವ ಚಾಲಕರ ಕಣ್ಣಿಗೆ ಫ್ಲ್ಯಾಷ್ ಹೊಡೆಯಬೇಡಿ. ಸಿಬ್ಬಂದಿಯ ಮುಖ ಬರುವುದಿದ್ದರೆ ಕೇಳಿ ತೆಗೆಯಿರಿ. ತೆಗೆದ ಚಿತ್ರದ ಒಂದು ಪ್ರತಿ ಡಿಪೋಗೆ ಕೊಡಿ.

ಅನುಮತಿ ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಬಸ್‌ಸ್ಟ್ಯಾಂಡಿದೆ, ರಸ್ತೆಯಿದೆ, ಊರ ಕಟ್ಟೆ ಮುಂದೆ ರಾತ್ರಿ ತಂಗುವ ವಸ್ತಿ ಬಸ್ಸಿದೆ. ಬಿಸಿಲು ನಿಮ್ಮ ಬೆನ್ನಿಗಿರಲಿ. ಬಸ್ಸಿನ ಮುಂಭಾಗವೂ ಒಂದು ಮಗ್ಗುಲೂ ಒಟ್ಟಿಗೆ ಕಾಣಲಿ, ಚಕ್ರ ಮರೆಯಾಗದಿರಲಿ. ಈಗಿನ ಎಲ್‌ಇಡಿ ಬೋರ್ಡು ಫೋಟೋದಲ್ಲಿ ಅರ್ಧ ಅಕ್ಷರ ಮಾತ್ರ ಬರುತ್ತದೆ, ಶಟರ್ ವೇಗ ಕಡಿಮೆ ಮಾಡಿದರೆ ಪೂರ್ತಿ ಓದಬಹುದು. ಎಲ್ಲಕ್ಕಿಂತ ಮುಖ್ಯ, ನಂಬರು, ಡಿಪೋ ಹೆಸರು, ಮಾರ್ಗ, ಊರು, ತಾರೀಕು ಬರೆದಿಡಿ. ಬರಹವಿಲ್ಲದ ಫೋಟೋ 20 ವರ್ಷದ ಮೇಲೆ ಬರೀ ಒಂದು ಕೆಂಪು ಬಸ್ಸು.

ಡಿಪೋದವರಲ್ಲೂ ಒಂದು ಕೋರಿಕೆ. ಗೇಟು ದಿನವೂ ತೆರೆದಿರಲಿ ಎಂದು ಯಾರೂ ಕೇಳುತ್ತಿಲ್ಲ. ವರ್ಷಕ್ಕೊಂದು ದಿನ ಸಾಕು. ಮೈಸೂರು ಸಾರಿಗೆ ಇಲಾಖೆ ಹುಟ್ಟಿದ ಸೆಪ್ಟೆಂಬರ್ 12 ಆದರೆ ಚೆನ್ನ. ಅವತ್ತು ಶಾಲೆ ಮಕ್ಕಳನ್ನು ಕರೆಸಿ, ಆಯುಸ್ಸು ಮುಗಿದ ಒಂದು ಬಸ್ಸನ್ನು ತೊಳೆದು ನಿಲ್ಲಿಸಿ. ಅದನ್ನು ಓಡಿಸಿದ ನಿವೃತ್ತ ಚಾಲಕರನ್ನು ಕರೆದು ಮಾತಾಡಿಸಿ. ನೋಂದಣಿ ರದ್ದಾಗುವ ಪ್ರತಿ ಬಸ್ಸಿನದೂ ಒಂದು ಫೋಟೋ ತೆಗೆಸಿ ಕಡತಕ್ಕೆ ಸೇರಿಸಿ. ಅದಕ್ಕೆ ಬೇಕಾದ ಹುಡುಗರು ಗೇಟಿನ ಹೊರಗೇ ನಿಂತಿದ್ದಾರೆ, ಸಂಬಳವನ್ನೂ ಕೇಳುವುದಿಲ್ಲ.

ಹಳ್ಳಿಯ ಓದುಗರು ಇವತ್ತೇ ಮಾಡಬಹುದಾದ ಕೆಲಸವೂ ಒಂದಿದೆ. ಮನೆಯ ಹಳೇ ಆಲ್ಬಂ, ಟ್ರಂಕು ತೆಗೆದು ನೋಡಿ. ಧರ್ಮಸ್ಥಳಕ್ಕೋ ಹಂಪಿಗೋ ಹೋದ ಶಾಲಾ ಪ್ರವಾಸದ ಗುಂಪು ಫೋಟೋ, ಮದುವೆ ದಿಬ್ಬಣದ ಫೋಟೋ, ಇವುಗಳ ಹಿಂದೆ ಬಸ್ಸೊಂದು ನಿಂತಿರುತ್ತದೆ. ನಂಬರು ಓದಲು ಬರುತ್ತದೆಯೇ ನೋಡಿ. ಊರು, ಇಸವಿ ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ, ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ.